ಬಂಡೆಯ ಸೀಮೆಯಲ್ಲಿ ಜರಿಗಿಡ

ಜರಿಗಿಡವೆಂದೊಡನೆ ನಮ್ಮ ಮನಸ್ಸು ಸಹ್ಯಾದ್ರಿಯ ಕಡೆಗೆ ಹೊರಳುವುದು ಸಹಜ. ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯ ಘಟ್ಟದಲ್ಲಿ, ಚಾರ್ಮಾಡಿಯ ತೊರೆಗಳ ಮಗ್ಗುಲಲ್ಲಿ, ಕೊಡಗಿನ ಕಾಫಿತೋಟಗಳ ಅಂಚಿನ ಜವುಗು ನೆಲದಲ್ಲಿ ಅದು ಯಾರ ಆರೈಕೆಯನ್ನೂ ಬೇಡದೆ ಹಬ್ಬುತ್ತದೆ; ಕೊಡವರು ಅದರ ಒಂದು ಜಾತಿಯ ಎಳೆಯ ಸುರುಳಿಗಳನ್ನು ತೆರ್ಮೆ ತೊಪ್ಪೆಂದು ಕರೆದು ಮಳೆಗಾಲದಲ್ಲಿ ಪಲ್ಯ ಮಾಡಿ ಉಣ್ಣುತ್ತಾರೆ. ಅಂಥ ಜಲಪ್ರಿಯವಾದ ಸಸ್ಯವನ್ನು, ವರ್ಷಕ್ಕೆ ಸುಮಾರು 800 ರಿಂದ 900 ಮಿಲಿಮೀಟರ್ ಮಳೆ ಮಾತ್ರ ಕಾಣುವ, ಮಾರ್ಚಿಯಿಂದ ಮೇ ತಿಂಗಳವರೆಗೆ ಹಗಲೆಲ್ಲ ಕಾದ ಕಲ್ಲು ಇರುಳಿನಲ್ಲಿಯೂ ಬಿಸಿಯನ್ನು ಹೊರಗೆಡಹುತ್ತಿರುವ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯಲ್ಲಿ ಬೆಳೆಸಲು ಹೊರಡುವುದು ಪ್ರಕೃತಿಗೆ ವಿರುದ್ಧವಾದ ಹಟವೆಂದು ಅನೇಕರು ಭಾವಿಸುವುದುಂಟು. ನರ್ಸರಿಯಿಂದ ಆಸೆಪಟ್ಟು ತಂದ ಗಿಡ ಮೊದಲನೆಯ ಬೇಸಗೆಯಲ್ಲಿಯೇ ಕರಕಾದಾಗ ಈ ಭಾವನೆ ಸಿದ್ಧಾಂತವಾಗಿ ನಿಂತುಬಿಡುತ್ತದೆ. ನನ್ನ ಅಭಿಪ್ರಾಯ ಬೇರೆ. ಈ ಸೀಮೆಯಲ್ಲಿ ಜರಿಗಿಡಕ್ಕೆ ಕೊರತೆಯಾಗಿರುವುದು ಮುಖ್ಯವಾಗಿ ನೆರಳು. ಆ ನೆರಳನ್ನೇ ಮೊದಲ ಬೆಳೆಯೆಂದು ತಿಳಿದು ಒಂದೆರಡು ವರ್ಷ ಬೆಳೆಯುವ ತಾಳ್ಮೆಯುಳ್ಳವರ ಹಿತ್ತಿಲಲ್ಲಿ ಜರಿಗಿಡ ತಾನಾಗಿಯೇ ನೆಲೆಯೂರುತ್ತದೆ.

ಇದಕ್ಕೆ ಸಾಕ್ಷಿಯನ್ನು ಅರಸಿಕೊಂಡು ದೂರ ಹೋಗಬೇಕಾಗಿಲ್ಲ. ಆಂಗ್ಲರ ಕಾಲದಲ್ಲಿ ರಾಮನಗರಕ್ಕಿದ್ದ ಕ್ಲೋಸ್‌ಪೇಟೆ ಎಂಬ ಹೆಸರನ್ನೇ ಭೂವಿಜ್ಞಾನಿಗಳು ಇಲ್ಲಿಯ ಶಿಲೆಗೂ ಇಟ್ಟಿದ್ದಾರೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಗರ್ಭದಲ್ಲಿ ಘನೀಭವಿಸಿದ ಆ ಗ್ರಾನೈಟು ಉತ್ತರದಿಂದ ದಕ್ಷಿಣಕ್ಕೆ ಚಾಚಿಕೊಂಡು, ಇಲ್ಲಿ ರಾಮದೇವರ ಬೆಟ್ಟವಾಗಿ, ಅಲ್ಲಿ ಸಮುದ್ರಮಟ್ಟದಿಂದ 1226 ಮೀಟರ್ ಎತ್ತರಕ್ಕೆ ಏರಿದ ಮಾಗಡಿಯ ಸಾವನದುರ್ಗವಾಗಿ ಎದ್ದು ನಿಂತಿದೆ. ದೂರದಿಂದ ನೋಡಿದವರಿಗೆ ನಿರ್ಜೀವವೆಂದು ತೋರುವ ಈ ಬಂಡೆಗಳಲ್ಲಿ, ಮಳೆಯ ನೀರು ಜಿನುಗಿ ಇಳಿಯುವ ಬಿರುಕುಗಳಲ್ಲಿಯೂ, ಎರಡು ಗುಂಡುಗಳು ಒಂದಕ್ಕೊಂದು ಒರಗಿ ಬಿಸಿಲನ್ನು ತಡೆದಿರುವ ಸಂದುಗಳಲ್ಲಿಯೂ ಜರಿಗಿಡಗಳ ಸಂಸಾರ ನಡೆದೇ ಇದೆ. ಗೇಣುದ್ದವೂ ಇಲ್ಲದ ಮಯೂರಶಿಖೆ ತನ್ನ ಹೆಸರಿಗೆ ತಕ್ಕಂತೆ ಪುಟ್ಟ ಪುಟ್ಟ ಬೀಸಣಿಗೆಗಳನ್ನು ಬಿಚ್ಚಿಕೊಂಡು ಕಲ್ಲಿನ ಸಂದಿಯಲ್ಲಿ ಕುಳಿತಿರುತ್ತದೆ. ಬೇಸಗೆ ಬಂದಾಗ ಆ ಬೀಸಣಿಗೆಗಳು ಮುದುಡಿ, ಒಣಗಿ, ಕಂದಿ, ಸತ್ತುವೆಂದು ನಾವು ತೀರ್ಮಾನಿಸುವಷ್ಟರಲ್ಲಿ ಒಂದು ಹದಮಳೆ ಬಿದ್ದರೆ ಕೆಲವೇ ಗಂಟೆಗಳಲ್ಲಿ ಅವೇ ಎಲೆಗಳು ಹಸುರಾಗಿ ಬಿಚ್ಚಿಕೊಳ್ಳುತ್ತವೆ. ಕೀಲಾಂತಿಸ್ ಎಂಬ ಕುಲದ ಗಿಡಗಳಿಗೂ ಇದೇ ಶಕ್ತಿ ಉಂಟು. ನೆರಳುಳ್ಳ ಏರುದಿಣ್ಣೆಗಳಲ್ಲಿ ಬೆಳೆಯುವ ಹಂಸಪಾದಿಯ ಮಾರ್ಗ ಇನ್ನೊಂದು: ಅದು ಮಳೆಗಾಲದಲ್ಲಿ ಮಾತ್ರ ಎಲೆಗಳನ್ನು ತಾಳಿ, ಒಣಗಾಲದಲ್ಲಿ ಅವನ್ನು ತೊರೆದು, ನೆಲದ ಕೆಳಗಿನ ಗುಪ್ತಕಾಂಡದಲ್ಲಿ ಪ್ರಾಣವನ್ನು ಹಿಡಿದಿಟ್ಟುಕೊಂಡಿರುತ್ತದೆ. ಕಪ್ಪು ತಂತಿಯಷ್ಟು ಸಣ್ಣ ದಂಟಿನ ಮೇಲೆ ಅರ್ಧಚಂದ್ರಾಕಾರದ ಎಲೆಗಳನ್ನು ಸಾಲಾಗಿ ಧರಿಸಿ, ದಂಟಿನ ತುದಿ ನೆಲಕ್ಕೆ ತಾಗಿದಲ್ಲಿ ಹೊಸ ಬೇರು ಬಿಟ್ಟು ಮತ್ತೊಂದು ಗಿಡವಾಗಿ ಮುಂದುವರಿಯುವ ಈ ಸಸ್ಯ ನಮ್ಮ ನಾಡಿನ ಜರಿಗಿಡಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು.

ಇನ್ನು ಊರೊಳಗೆ ನೋಡೋಣ. ಗಾರೆಯ ಹಳೆಯ ಗೋಡೆಗಳಲ್ಲಿ, ಬಳಕೆ ತಪ್ಪಿದ ಬಾವಿಗಳ ಒಳಸುತ್ತಿನಲ್ಲಿ, ಚರಂಡಿಯ ಕಲ್ಲುಕಟ್ಟಡದ ಸಂದುಗಳಲ್ಲಿ ಏಣಿಯ ಮೆಟ್ಟಿಲುಗಳ ಹಾಗೆ ಎಲೆಗಳನ್ನು ಜೋಡಿಸಿಕೊಂಡು ಬೆಳೆಯುವ ಟೆರಿಸ್ ವಿಟ್ಟೇಟ ಎಂಬ ಜರಿಗಿಡವನ್ನು ಯಾರೂ ನೆಟ್ಟದ್ದಲ್ಲ. ಅದಕ್ಕೆ ಸುಣ್ಣವೆಂದರೆ ಇಷ್ಟ. ಆದುದರಿಂದಲೇ ಅದು ಗಾರೆಯನ್ನು ಹುಡುಕಿಕೊಂಡು ಬರುತ್ತದೆ. ಕಳೆಯೆಂದು ಕಿತ್ತು ಎಸೆಯುವ ಈ ಗಿಡ ನೆಲದೊಳಗಿನ ಆರ್ಸೆನಿಕ್ ವಿಷವನ್ನು ಹೀರಿ ತನ್ನ ಎಲೆಗಳಲ್ಲಿ ಶೇಖರಿಸಿಕೊಳ್ಳಬಲ್ಲುದೆಂಬುದನ್ನು 2001 ರಲ್ಲಿ ಅಮೆರಿಕದ ಫ್ಲಾರಿಡ ವಿಶ್ವವಿದ್ಯಾನಿಲಯದ ಸಂಶೋಧಕರು ಪ್ರಕಟಿಸಿದ ಮೇಲೆ ಲೋಕದ ವಿಜ್ಞಾನಿಗಳು ಅದನ್ನು ಗೌರವದಿಂದ ನೋಡತೊಡಗಿದರು. ನಮ್ಮ ತೋಟಗಾರರೂ ಅದನ್ನು ಗೌರವಿಸಬೇಕೆಂಬುದು ನನ್ನ ಬಿನ್ನಹ, ಏಕೆಂದರೆ ಗಡಸು ನೀರನ್ನೂ ಅರೆಬಿಸಿಲನ್ನೂ ಸಹಿಸಿಕೊಂಡು ಮೊದಲ ವರ್ಷದಲ್ಲಿಯೇ ಹಸುರು ತೋರಿಸುವ ಜರಿಗಿಡ ಇದಕ್ಕಿಂತ ಮೇಲಾದುದು ಇಲ್ಲಿ ದೊರೆಯಲಾರದು.

ಜರಿಗಿಡಕ್ಕೆ ತೇವವೇಕೆ ಅಷ್ಟು ಅವಶ್ಯ ಎಂಬುದನ್ನು ಒಮ್ಮೆ ತಿಳಿದುಕೊಂಡರೆ ಅದರ ಆರೈಕೆಯ ನಿಯಮಗಳೆಲ್ಲ ಹೃದ್ಗತವಾಗುತ್ತವೆ. ಈ ವರ್ಗದ ಸಸ್ಯಗಳಿಗೆ ಹೂವಿಲ್ಲ, ಬೀಜವಿಲ್ಲ. ಎಲೆಯ ಬೆನ್ನಿನಲ್ಲಿ ಸಾಲುಸಾಲಾಗಿಯೋ ಅಂಚಿನುದ್ದಕ್ಕೂ ಗೆರೆಯಾಗಿಯೋ ಮೂಡುವ ಕಂದುಬಣ್ಣದ ಚುಕ್ಕೆಗಳು ಬೀಜಾಣುಗಳನ್ನು ಹೊತ್ತ ಕೋಶಗಳ ಗುಚ್ಛಗಳು. ಗಾಳಿಯಲ್ಲಿ ಹಾರಿಹೋದ ಬೀಜಾಣು ತೇವವಾದ ನೆಲದ ಮೇಲೆ ಬಿದ್ದು ಮೊಳೆತಾಗ ಹುಟ್ಟುವುದು ಜರಿಗಿಡವಲ್ಲ; ಕಿರುಬೆರಳಿನ ಉಗುರಿಗಿಂತಲೂ ಚಿಕ್ಕದಾದ, ಹೃದಯದ ಆಕಾರದ ಒಂದು ಹಸುರು ಪೊರೆ. ಆ ಪೊರೆಯ ಅಡಿಭಾಗದಲ್ಲಿ ಗಂಡು ಹೆಣ್ಣು ಅಂಗಗಳೆರಡೂ ಉತ್ಪನ್ನವಾಗಿ, ಗಂಡುಕಣವು ನೀರಿನ ತೆಳುವಾದ ಪದರದಲ್ಲಿ ಈಜಿಕೊಂಡು ಹೋಗಿ ಅಂಡವನ್ನು ಸೇರಿದರೆ ಮಾತ್ರ ನಾವು ಬಲ್ಲ ಜರಿಗಿಡದ ಜನನ. ಜಮೈಕ ದ್ವೀಪದಲ್ಲಿ ಶಸ್ತ್ರವೈದ್ಯನಾಗಿದ್ದ ಜಾನ್ ಲಿಂಡ್ಸೆ ಧೂಳಿನಂಥ ಈ ಬೀಜಾಣುಗಳನ್ನು ಬಿತ್ತಿ ಗಿಡಗಳನ್ನು ಎಬ್ಬಿಸಿದ ವೃತ್ತಾಂತ 1794 ರಲ್ಲಿ ಪ್ರಕಟವಾಯಿತು. ಎರಡು ತಲೆಮಾರುಗಳ ಈ ಸರದಿಯನ್ನು ಸಮಗ್ರವಾಗಿ ವಿವರಿಸಿದ ಕೀರ್ತಿ 1851 ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಹಾಫ್‌ಮೈಸ್ಟರನಿಗೆ ಸಂದಿತು. ಹುಟ್ಟಿನ ಆ ಒಂದು ಗಳಿಗೆಗೆ ನೀರಿನ ಪದರ ಬೇಕೇ ಬೇಕಾದ್ದರಿಂದ, ಒಣಗಾಳಿಯನ್ನು ತಾಳಿಕೊಳ್ಳುವ ಮಯೂರಶಿಖೆಯಂಥ ಗಿಡವೂ ತನ್ನ ಬಾಲ್ಯವನ್ನು ತೇವದ ಸಂದಿಯಲ್ಲಿಯೇ ಕಳೆಯಬೇಕಾಗಿದೆ.

ಈಗ ನೆರಳಿನ ವಿಚಾರ. ಇಂಗ್ಲೆಂಡಿನಲ್ಲಿ ಬರೆದ ತೋಟಗಾರಿಕೆಯ ಪುಸ್ತಕಗಳು ಮನೆಯ ಉತ್ತರದ ಗೋಡೆಯ ಬುಡವನ್ನು ಜರಿಗಿಡಕ್ಕೆ ನಿತ್ಯನೆರಳಿನ ಸ್ಥಾನವೆಂದು ಹೇಳುತ್ತವೆ. ಅಲ್ಲಿಗೆ ಆ ಮಾತು ದಿಟ. ನಮ್ಮಲ್ಲಿ ಅದನ್ನು ನಂಬಿ ನಡೆದರೆ ಮೋಸವಾಗುತ್ತದೆ. ರಾಮನಗರ ಹನ್ನೆರಡೂಮುಕ್ಕಾಲು ಡಿಗ್ರಿಗೆ ಸಮೀಪವಾದ ಉತ್ತರ ಅಕ್ಷಾಂಶದಲ್ಲಿರುವುದರಿಂದ, ಏಪ್ರಿಲ್ ತಿಂಗಳ ನಾಲ್ಕನೆಯ ವಾರದಲ್ಲಿ ಸೂರ್ಯನು ನಡುನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿದು, ಆಗಸ್ಟಿನ ಮೂರನೆಯ ವಾರದವರೆಗೆ ಅತ್ತಲೇ ಇರುತ್ತಾನೆ. ವರ್ಷದ ಅತ್ಯಂತ ಕಠಿನವಾದ ಮೇ ತಿಂಗಳಿನಲ್ಲಿ, ಉತ್ತರದ ಗೋಡೆಯ ಗಿಡಗಳ ಮೇಲೆ ಬೆಳಗಿನ ಮತ್ತು ಸಂಜೆಯ ಓರೆಬಿಸಿಲು ಬಿದ್ದೇ ಬೀಳುತ್ತದೆ. ಸೂರು ಮೂರು ಅಡಿಯಷ್ಟು ಮುಂದಕ್ಕೆ ಚಾಚಿದ್ದರೆ ನಡುಹಗಲಿನ ಬಿಸಿಲನ್ನು ಅದು ತಡೆದೀತು. ಸಂಜೆಯ ಬಿಸಿಲಿಗೆ ಪಶ್ಚಿಮದಲ್ಲಿ ಒಂದು ಮರವೋ ಬಿದಿರು ತಡಿಕೆಯೋ ಇರತಕ್ಕದ್ದು. ಬೆಳಗಿನ ಎಳೆಬಿಸಿಲು ಒಂದು ಗಂಟೆಯ ಕಾಲ ಬಿದ್ದರೆ ಹಾನಿಯಿಲ್ಲ, ಎಷ್ಟೋ ಜಾತಿಗಳಿಗೆ ಅದು ಹಿತವೂ ಹೌದು. ಜರಿಗಿಡ ಕತ್ತಲೆಯ ಗಿಡವೆಂಬುದು ತಪ್ಪು ಕಲ್ಪನೆ. ನೆರಳಿನಲ್ಲಿ ಕುಳಿತು ಪುಸ್ತಕವನ್ನು ಸುಖವಾಗಿ ಓದಬಹುದಾದಷ್ಟು ಬೆಳಕು ಅದಕ್ಕೂ ಬೇಕು.

ಮರದ ನೆರಳುಗಳಲ್ಲಿಯೂ ತಾರತಮ್ಯವಿದೆ. ಹಲಸಿನ ಮರ ವರ್ಷವಿಡೀ ಎಲೆ ಹೊತ್ತು ನಿಲ್ಲುವುದರಿಂದ ಅದರ ಆಶ್ರಯ ಸ್ಥಿರವಾದುದು. ಚನ್ನಪಟ್ಟಣದ ಕಡೆಯ ತೆಂಗಿನ ತೋಟಗಳಲ್ಲಿ ಬೀಳುವ ಚಲಿಸುವ ನೆರಳು ಜರಿಗಿಡಗಳಿಗೆ ಬಹಳ ಮಟ್ಟಿಗೆ ಒಗ್ಗುತ್ತದೆ, ಕೆಳಗೆ ಬಾಳೆಯ ಸಾಲೊಂದು ಇದ್ದರೆ ಇನ್ನೂ ಮೇಲು. ಹೊಂಗೆಯ ನೆರಳು ತಂಪಾದುದೆಂಬ ಕೀರ್ತಿ ಯಥಾರ್ಥವಾದರೂ ಬೇಸಗೆಯ ಮೊದಲಲ್ಲಿ ಅದು ಎಲೆಯುದುರಿಸಿ ಚಿಗುರುವವರೆಗೆ ಕೆಲವು ದಿನ ಕೆಳಗಿನ ಗಿಡಗಳು ಅನಾಥವಾಗುತ್ತವೆ. ಆ ದಿನಗಳಿಗೆ ತೆಂಗಿನ ಗರಿಯ ಚಪ್ಪರವನ್ನೋ ಹಸುರು ನೆರಳುಪರದೆಯನ್ನೋ ಸಿದ್ಧವಾಗಿಟ್ಟುಕೊಳ್ಳಬೇಕು. ನೀಲಗಿರಿಯ ಬುಡವನ್ನು ಮಾತ್ರ ಯಾರೂ ಆರಿಸಿಕೊಳ್ಳಬಾರದು. ಅದರ ಬೇರು ನೆಲದ ನೀರನ್ನು ಬಿಡುವುದಿಲ್ಲ, ಉದುರಿದ ಎಲೆಯ ಸತ್ತ್ವ ಇತರ ಸಸ್ಯಗಳಿಗೆ ಪ್ರತಿಕೂಲ.

ತೇವದ ವಿಷಯದಲ್ಲಿ ಈ ನಾಲ್ಕು ತಾಲ್ಲೂಕುಗಳ ಜನರಿಗೆ ಹೊರಗಿನವರು ಕಲಿಸಬೇಕಾದುದು ಅಲ್ಪ. ಅವರಲ್ಲಿ ಸಾವಿರಾರು ಮನೆಗಳವರು ರೇಷ್ಮೆಹುಳುವನ್ನು ಸಾಕಿದವರು. ಚಾಕಿ ಎನ್ನುವ ಎಳೆಯ ಹುಳುವಿಗೆ 26 ರಿಂದ 28 ಡಿಗ್ರಿ ಉಷ್ಣವೂ ಶೇಕಡ 80 ರಿಂದ 90 ರಷ್ಟು ಆರ್ದ್ರತೆಯೂ ಬೇಕೆಂದು, ದೊಡ್ಡ ಹುಳುವಿಗೆ 24–25 ಡಿಗ್ರಿ ಉಷ್ಣ ಮತ್ತು ಶೇಕಡ 70 ರ ಆರ್ದ್ರತೆ ಸಾಕೆಂದು ಅವರು ಬಲ್ಲರು. ಸಾಕಣೆಮನೆಯ ಕಿಟಕಿಗಳಿಗೆ ನೆನೆಸಿದ ಗೋಣಿತಾಟನ್ನು ಇಳಿಬಿಡುವುದು, ಛಾವಣಿಯ ಮೇಲೆ ತೆಂಗಿನ ಗರಿ ಹೊದಿಸುವುದು, ಸುತ್ತ ನೆರಳಿನ ಮರಗಳನ್ನು ಬೆಳೆಸುವುದು, ಹುಳು ಜ್ವರದಲ್ಲಿರುವಾಗ, ಎಂದರೆ ಪೊರೆ ಕಳಚುವಾಗ, ಹಾಸಿಗೆಯನ್ನು ಒಣಗಿಸಿ ಗಾಳಿ ಆಡಗೊಡುವುದು ಇವೆಲ್ಲ ಅಲ್ಲಿ ನಿತ್ಯದ ವಿವೇಕ. ಜರಿಗಿಡಕ್ಕೆ ಬೇಕಾದುದೂ ಬಹುಪಾಲು ಇದೇ ವಿವೇಕ: ಗಾಳಿಯಲ್ಲಿ ತೇವವಿರಬೇಕು, ಆದರೆ ಆ ಗಾಳಿ ನಿಂತು ಕೊಳೆಯಬಾರದು. ಜಾಲರಿಯಲ್ಲಿ ನೀರು ಹಾರಿಸಿ ಎಲೆಗಳನ್ನು ತೋಯಿಸುವುದರ ಪ್ರಯೋಜನ ಅರ್ಧಗಂಟೆಯಲ್ಲಿ ಆರಿಹೋಗುತ್ತದೆ. ಕುಂಡಗಳನ್ನು ಒತ್ತಾಗಿ ಗುಂಪುಗೂಡಿಸಿ, ಅವುಗಳ ನಡುವೆ ಮರಳನ್ನು ಹರಡಿ ಆ ಮರಳನ್ನು ನೆನೆಸಿಡುವುದು, ಗಾಳಿ ಬೀಸುವ ಕಡೆಗೆ ಒದ್ದೆ ಗೋಣಿತಾಟನ್ನು ಕಟ್ಟುವುದು ಬಹುಕಾಲ ಫಲ ಕೊಡುತ್ತದೆ.

ರೇಷ್ಮೆಯ ಸೀಮೆಯ ಓದುಗರಿಗೆ ಹೇಳಲೇಬೇಕಾದ ಒಂದು ವೃತ್ತಾಂತ ಇಲ್ಲಿ ನೆನಪಾಗುತ್ತದೆ. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ತನ್ನ ಅಂಗಳದಲ್ಲಿ ಕಲ್ಲುಗಳನ್ನು ಜೋಡಿಸಿ ಜರಿಗಿಡಗಳನ್ನು ನೆಟ್ಟಿದ್ದನು. ನಗರದ ಕಲ್ಲಿದ್ದಿಲಹೊಗೆಯಲ್ಲಿ ಅವು ಬದುಕಲಿಲ್ಲ. 1829 ರಲ್ಲಿ ಆತನು ಒಂದು ಪತಂಗದ ಕೋಶಾವಸ್ಥೆಯನ್ನು ತೇವವಾದ ಮಣ್ಣಿನಲ್ಲಿಟ್ಟು, ಆ ಮಣ್ಣನ್ನು ಗಾಜಿನ ಸೀಸೆಯಲ್ಲಿ ತುಂಬಿ ಮುಚ್ಚಿ, ಪತಂಗ ಹೊರಬರುವುದನ್ನು ಕಾಯುತ್ತಿದ್ದಾಗ, ಹೊರಗೆ ಬದುಕಲಾರದ ಜರಿಗಿಡವೊಂದು ಆ ಸೀಸೆಯೊಳಗೆ ತಾನೇ ಮೊಳೆತು ನಿಂತಿತು. ಹಗಲು ಆವಿಯಾಗಿ ಗಾಜಿಗೆ ಅಂಟಿದ ನೀರು ಮತ್ತೆ ಮಣ್ಣಿಗೇ ಇಳಿಯುವುದನ್ನು ಗಮನಿಸಿದ ವಾರ್ಡ್ ಗಾಜಿನ ಪೆಟ್ಟಿಗೆಗಳನ್ನು ನಿರ್ಮಿಸಿ, 1842 ರಲ್ಲಿ ಅವನ್ನು ಕುರಿತು ಪುಸ್ತಕ ಬರೆದನು. ಕೆಲವೇ ವರ್ಷಗಳಲ್ಲಿ ಸಸ್ಯಸಂಗ್ರಾಹಕ ರಾಬರ್ಟ್ ಫಾರ್ಚೂನ್ ಚೀಣಾ ದೇಶದ ಚಹದ ಸಸಿಗಳನ್ನು ಭಾರತಕ್ಕೆ ಸಾಗಿಸಿದ್ದು ಅಂಥ ಪೆಟ್ಟಿಗೆಗಳಲ್ಲಿಯೇ. ಬೇಸಗೆಯಲ್ಲಿ ಸುಕುಮಾರವಾದ ಜಾತಿಗಳನ್ನು ಉಳಿಸಿಕೊಳ್ಳಲು ಈಗಲೂ ಬಾಯಗಲದ ಗಾಜಿನ ಭರಣಿಗಿಂತ ಸುಲಭವಾದ ಸಾಧನವಿಲ್ಲ. ಅದನ್ನು ಬಿಸಿಲು ತಾಗದಲ್ಲಿ ಇಟ್ಟರಾಯಿತು.

ಮಣ್ಣಿಗೆ ಬರೋಣ. ನಮ್ಮ ಕೆಮ್ಮಣ್ಣು ಒಂದನ್ನೇ ಕುಂಡಕ್ಕೆ ತುಂಬಿದರೆ ಎರಡು ತಿಂಗಳಲ್ಲಿ ಅದು ಗಟ್ಟಿಕಟ್ಟಿ, ಕೂದಲಿನಷ್ಟು ಸಣ್ಣದಾದ ಜರಿಗಿಡದ ಬೇರುಗಳಿಗೆ ಉಸಿರಾಡಲು ತೆರಪಿಲ್ಲದಂತಾಗುತ್ತದೆ. ಎರಡು ಪಾಲು ಚೆನ್ನಾಗಿ ಕಳಿತ ಎಲೆಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ, ಒಂದು ಪಾಲು ದಪ್ಪ ಮರಳು ಅಥವಾ ಇಟ್ಟಿಗೆಯ ಚೂರು, ಅದರೊಡನೆ ಒಂದು ಹಿಡಿ ಇದ್ದಿಲಿನ ನುಚ್ಚು ಸೇರಿದ ಮಿಶ್ರಣ ಇಲ್ಲಿಗೆ ಹೊಂದುತ್ತದೆ. ನಾರಿನ ಪುಡಿಯಲ್ಲಿ ಉಪ್ಪಿನ ಅಂಶ ಇರುವುದರಿಂದ ಬಣ್ಣದ ನೀರು ಬಿಡುವುದು ನಿಲ್ಲುವವರೆಗೆ ಅದನ್ನು ತೊಳೆದೇ ಬಳಸಬೇಕು. ಚನ್ನಪಟ್ಟಣದ ಬೊಂಬೆಯ ಕಾರ್ಖಾನೆಗಳಲ್ಲಿ ಹಾಲೆಮರವನ್ನು ಕಡೆಯುವಾಗ ಉದುರುವ ಹೊಟ್ಟನ್ನು ಮೇಲ್ಹಾಸಾಗಿ ಹರಡುವ ಆಸೆ ಹುಟ್ಟಬಹುದು. ಅರಗಿನ ಬಣ್ಣ ಸೋಕದ ಹೊಟ್ಟನ್ನು ಒಂದು ವರ್ಷ ಸೆಗಣಿಯೊಡನೆ ಕೊಳೆಯಿಸಿದ ಮೇಲೆ ಮಾತ್ರ ಅದು ಯೋಗ್ಯ, ಹಸಿಯ ಹೊಟ್ಟು ಮಣ್ಣಿನ ಸಾರಜನಕವನ್ನು ತಾನೇ ತಿಂದುಹಾಕುತ್ತದೆ. ಗೊಬ್ಬರ ಕಡಮೆಯಾದಷ್ಟೂ ಕ್ಷೇಮ. ಪೂರ್ಣವಾಗಿ ಕೊಳೆತ ಸೆಗಣಿಗೊಬ್ಬರ ಅಥವಾ ರೇಷ್ಮೆಹುಳುವಿನ ಹಿಕ್ಕೆಯ ಗೊಬ್ಬರ, ಮಳೆಗಾಲದ ಮೊದಲಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ, ಒಂದೊಂದು ಹಿಡಿಯಷ್ಟು ಸಾಕು.

ಕೊಳವೆಬಾವಿಯ ನೀರೇ ಈ ಸೀಮೆಯ ಜರಿಗಿಡಗಳ ದೊಡ್ಡ ಶತ್ರುವೆಂದು ನಾನು ತಿಳಿದಿದ್ದೇನೆ. ಆಳದ ಕಲ್ಲಿನ ಸಂದುಗಳಿಂದ ಮೇಲೆ ಬಂದ ಆ ನೀರಿನ ಲವಣಗಳು ಕುಂಡದ ಅಂಚಿನಲ್ಲಿ ಬಿಳಿಯ ಪಟ್ಟಿಯಾಗಿ ಕಾಣಿಸಿಕೊಂಡು, ಕ್ರಮೇಣ ಎಲೆಯ ತುದಿಗಳನ್ನು ಸುಡುತ್ತವೆ. ಬಿಸಿಲಿನ ದೋಷವೆಂದು ಭಾವಿಸಿ ಜನ ಇನ್ನಷ್ಟು ಅದೇ ನೀರನ್ನು ಹೊಯ್ಯುತ್ತಾರೆ. ಪರಿಹಾರ ಆಕಾಶದಿಂದಲೇ ಬರಬೇಕು. ಒಂದು ಚದರ ಮೀಟರ್ ಛಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನೂರು ಚದರ ಮೀಟರಿನ ತಾರಸಿಯ ಮೇಲೆ ವರ್ಷದಲ್ಲಿ 800 ಮಿಲಿಮೀಟರ್ ಬಿದ್ದರೆ 80,000 ಲೀಟರ್. ಇಪ್ಪತ್ತು ಮೂವತ್ತು ಕುಂಡಗಳಿಗೆ ಇದರ ಒಂದು ಅಲ್ಪಾಂಶ ಸಾಲದೆ? ಮಳೆನೀರನ್ನು ಸಂಗ್ರಹಿಸಲು ಸೌಕರ್ಯವಿಲ್ಲದವರು ಮಳೆ ಬರುವ ದಿನ ಕುಂಡಗಳನ್ನು ಬಯಲಿಗೆ ಇಟ್ಟು ಮಣ್ಣಿನ ಲವಣ ಕೊಚ್ಚಿಹೋಗುವಂತೆ ಮಾಡಿದರೂ ಬಹಳ ಉಪಕಾರವಾಗುತ್ತದೆ.

ಯಾವ ಜಾತಿಗಳನ್ನು ಬೆಳೆಸಬೇಕು? ನೆಫ್ರೊಲೆಪಿಸ್ ಕುಲದಿಂದ ಪ್ರಾರಂಭಿಸುವುದು ಜಾಣತನ. ಅದರಲ್ಲಿ ಕಾರ್ಡಿಫೋಲಿಯ ಎಂಬ ಜಾತಿ ಬೇರುಗಳಲ್ಲಿ ಸಣ್ಣ ಗುಂಡುಗೆಡ್ಡೆಗಳನ್ನು ಕಟ್ಟಿ ನೀರನ್ನು ಶೇಖರಿಸಿಕೊಳ್ಳುವುದರಿಂದ ಒಂದೆರಡು ದಿನದ ಮರೆವನ್ನು ಕ್ಷಮಿಸುತ್ತದೆ. ಎಲ್ಲ ನರ್ಸರಿಗಳಲ್ಲಿಯೂ ತೂಗುಕುಂಡದಲ್ಲಿ ಮಾರುವ ಬೋಸ್ಟನ್ ಫರ್ನ್, 1894 ರಲ್ಲಿ ಫಿಲಡೆಲ್ಫಿಯದಿಂದ ಬೋಸ್ಟನ್ನಿಗೆ ಕಳುಹಿಸಿದ ಗಿಡಗಳಲ್ಲಿ ಅಕಸ್ಮಾತ್ತಾಗಿ ಕಾಣಿಸಿಕೊಂಡ ಒಂದು ಭೇದದ ಸಂತತಿ. ಹಕ್ಕಿಗೂಡಿನ ಆಕಾರದಲ್ಲಿ ಅಗಲವಾದ ಎಲೆಗಳನ್ನು ವರ್ತುಲವಾಗಿ ಎತ್ತಿನಿಲ್ಲುವ ಅಸ್ಪ್ಲೀನಿಯಮ್ ನೈಡಸ್ ಮನೆಯ ಜಗಲಿಗೆ ಭೂಷಣ. ಅದರ ನಡುಗುಣಿಗೆ ನೀರು ಹೊಯ್ಯದೆ ಅಂಚಿಗೆ ಹೊಯ್ಯಬೇಕೆಂಬುದೊಂದೇ ಎಚ್ಚರಿಕೆ. ಸಾರಂಗದ ಕೊಂಬಿನಂತೆ ಕವಲೊಡೆಯುವ ಪ್ಲಾಟಿಸೀರಿಯಮ್ಮನ್ನು ಮಣ್ಣಿನಲ್ಲಿ ನೆಡಬಾರದು. ತೆಂಗಿನ ಸಿಪ್ಪೆಯ ಮೇಲಿಟ್ಟು ಹಲಸಿನ ಬೊಡ್ಡೆಗೆ ನಾರಿನ ಹಗ್ಗದಿಂದ ಕಟ್ಟಿದರೆ ಅದು ತನ್ನ ಅಡಿಎಲೆಗಳಿಂದ ಮರವನ್ನು ತಾನೇ ಅಪ್ಪಿಕೊಳ್ಳುತ್ತದೆ. ಗಿಡಗಳನ್ನು ಪಾಲು ಮಾಡಲು ಜೂನ್, ಜುಲೈ ತಿಂಗಳುಗಳು ಪ್ರಶಸ್ತ. ನೆಡುವಾಗ ಗುಪ್ತಕಾಂಡವನ್ನು ಹೂಳದೆ ಮೇಲೆಯೇ ಕೂರಿಸತಕ್ಕದ್ದು. ಎತ್ತರದ ಮರಜರಿಗಳ ಆಸೆಯನ್ನು ಈ ಸೀಮೆಯವರು ಬಿಡುವುದೇ ಲೇಸು.

ರೋಗ ಕೀಟಗಳು ಜರಿಗಿಡಕ್ಕೆ ಕಡಮೆ. ಹಿಟ್ಟುತಿಗಣೆಯೂ ಶಲ್ಕಕೀಟವೂ ಬಂದಾಗ ಸಾಬೂನಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯಬೇಕು. ಎಲೆಯ ಬೆನ್ನಿನ ಬೀಜಾಣುಗುಚ್ಛಗಳನ್ನೇ ಕೀಟಗಳೆಂದು ತಿಳಿದು ಔಷಧ ಹೊಡೆದು ಗಿಡವನ್ನು ಕೆಡಿಸುವವರಿದ್ದಾರೆ: ಚುಕ್ಕೆಗಳು ಕ್ರಮವಾಗಿ, ಸಮಾನ ಅಂತರದಲ್ಲಿ ಇದ್ದರೆ ಅವು ಗಿಡದವೇ, ದಂಟಿನ ಮೇಲೆ, ಎಲೆಯ ಎರಡೂ ಬದಿಯಲ್ಲಿ ಅಡ್ಡಾದಿಡ್ಡಿಯಾಗಿ ಅಂಟಿಕೊಂಡಿದ್ದರೆ ಕೀಟ. ಕೀಟನಾಶಕದ ಸಿಂಪರಣೆ ಜರಿಗಿಡದ ಎಲೆಗೂ ಕೇಡು. ಅದಕ್ಕಿಂತ ಹೆಚ್ಚಾಗಿ, ಗಾಳಿಯಲ್ಲಿ ತೇಲಿಹೋದ ಹನಿ ಪಕ್ಕದ ಹಿಪ್ಪುನೇರಳೆಯ ಸೊಪ್ಪಿಗೆ ತಾಗಿದರೆ ನೆರೆಯವರ ಹುಳುವಿನ ಇಡೀ ಬೆಳೆ ನಾಶವಾದೀತು. ಬೇವಿನೆಣ್ಣೆಗೂ ಈ ಮಾತು ಸಲ್ಲುತ್ತದೆ. ಅಲಂಕಾರದ ಗಿಡಕ್ಕಾಗಿ ಮತ್ತೊಬ್ಬರ ಅನ್ನಕ್ಕೆ ಕುತ್ತು ತರುವ ಹಕ್ಕು ಯಾರಿಗೂ ಇಲ್ಲ.

ಬೆಟ್ಟದ ಗಿಡಗಳನ್ನು ಕಿತ್ತು ತರುವ ವಿಚಾರದಲ್ಲಿಯೂ ನಾನು ಇಷ್ಟೇ ಕಠಿನವಾಗಿ ಹೇಳಬೇಕಾಗಿದೆ. ಸಾವನದುರ್ಗ ರಾಜ್ಯದ ರಕ್ಷಿತಾರಣ್ಯ. ರಾಮದೇವರ ಬೆಟ್ಟ 2012 ರಿಂದ ರಣಹದ್ದುಗಳ ಧಾಮ. ಕನಕಪುರದ ದಕ್ಷಿಣಕ್ಕೆ ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮದ ಹೊಳೆಮತ್ತಿಯ ನೆರಳುಗಳು ಕಾವೇರಿ ವನ್ಯಧಾಮಕ್ಕೆ ಸೇರಿದುವು. ಅಲ್ಲಿಂದ ಒಂದು ಬೇರನ್ನು ಎತ್ತುವುದೂ ಕಾನೂನಿಗೆ ವಿರುದ್ಧ. ಕಾನೂನನ್ನು ಬದಿಗಿಟ್ಟರೂ, ಕಲ್ಲಿನ ಸಂದಿಯಲ್ಲಿ ಹೆಣೆದುಕೊಂಡ ಮಯೂರಶಿಖೆಯನ್ನು ಬೇರು ಹರಿಯದಂತೆ ಬಿಡಿಸಲು ಯಾರಿಂದಲೂ ಸಾಧ್ಯವಿಲ್ಲ. ಕಿತ್ತ ಗಿಡ ಕುಂಡದಲ್ಲಿ ಬದುಕುವುದು ಅಪೂರ್ವ.

ಹೊಸ ಗಿಡಗಳು ಬೇಕೆನ್ನುವವರು ಬೀಜಾಣುಗಳಿಂದ ಅವನ್ನು ಎಬ್ಬಿಸಲಿ. ಗೆಳೆಯರ ಮನೆಯ ಹಂಸಪಾದಿಯದೋ ಗೋಡೆಯ ಟೆರಿಸ್ಸಿನದೋ, ಬೆನ್ನಿನ ಚುಕ್ಕೆಗಳು ಕಂದುಬಣ್ಣಕ್ಕೆ ತಿರುಗಿದ ಎಲೆಯೊಂದನ್ನು ಬಿಳಿಯ ಕಾಗದದಲ್ಲಿ ಮಡಚಿ ಎರಡು ದಿನ ಒಣಗಿದೆಡೆಯಲ್ಲಿಟ್ಟರೆ ಕಾಗದದ ಮೇಲೆ ನುಣ್ಣನೆಯ ಧೂಳು ಉದುರಿರುತ್ತದೆ. ನಾರಿನ ಪುಡಿ ಮತ್ತು ಇಟ್ಟಿಗೆಪುಡಿಯ ಮಿಶ್ರಣವನ್ನು ಗಾಜಿನ ಭರಣಿಯ ತಳದಲ್ಲಿ ಹರಡಿ, ಕುದಿಯುವ ನೀರನ್ನು ಅದರ ಮೇಲೆ ಹೊಯ್ದು, ಬೇರೆ ಪಾಚಿ ಬೂಷ್ಟುಗಳ ಬೀಜಾಣುಗಳೆಲ್ಲ ಸತ್ತು ಆರಿದ ಮೇಲೆ, ಆ ಧೂಳನ್ನು ತೆಳುವಾಗಿ ಉದುರಿಸಿ ಮುಚ್ಚಳ ಹಾಕಿಡಬೇಕು. ಕೆಲವು ವಾರಗಳಲ್ಲಿ ಹಸುರು ಛಾಯೆ ಮೂಡಿ, ಎರಡು ಮೂರು ತಿಂಗಳಲ್ಲಿ ಹೃದಯಾಕಾರದ ಪೊರೆಗಳು ಕಾಣಿಸಿಕೊಳ್ಳುತ್ತವೆ. ಆಗ ಕಾಯಿಸಿ ಆರಿಸಿದ ನೀರನ್ನು ಸಣ್ಣ ಹನಿಗಳಾಗಿ ಸಿಂಪಡಿಸಿದರೆ ಗಂಡುಕಣಗಳಿಗೆ ಈಜುವ ದಾರಿ ದೊರೆತು, ಮುಂದೆ ಕೆಲವು ತಿಂಗಳಲ್ಲಿ ಮೊದಲ ಎಲೆಗಳು ಸುರುಳಿ ಬಿಚ್ಚುತ್ತವೆ. ಬೋಸ್ಟನ್ ಫರ್ನಿನಲ್ಲಿ ಈ ಯತ್ನ ವ್ಯರ್ಥ, ಅದರ ಬೀಜಾಣುಗಳು ಬಂಜೆ. ಅದನ್ನು ನೆಲದ ಮೇಲೆ ಹರಿಯುವ ಕುಡಿಗಳಿಂದಲೇ ಹೆಚ್ಚಿಸಬೇಕು. ಸೆಪ್ಟೆಂಬರಿನಲ್ಲಿ ಬಿತ್ತಿದ ಭರಣಿಯ ಮರಿಗಳು ಮುಂದಿನ ಮುಂಗಾರಿನ ಹೊತ್ತಿಗೆ ಪುಟ್ಟ ಕುಂಡಗಳಿಗೆ ಇಳಿಯುವಷ್ಟು ಬಲಿತಿರುತ್ತವೆ, ಮತ್ತು ಒಂದು ಭರಣಿಯಿಂದ ದೊರೆಯುವ ಮರಿಗಳು ಒಂದು ಬೀದಿಯ ಎಲ್ಲ ಮನೆಗಳಿಗೂ ಸಾಕಾಗುತ್ತವೆ.